ಸೋದರಮಾವನ ಮಗಳೂ ರೋಮಿನ ಪೋಪೂ

ಪ್ರಶ್ನೆ: ಮೇಷ್ಟ್ರೇ, ನಾನು ಬಿ.ಎ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಮಧ್ಯಯುಗದ ಯುರೋಪಿನಲ್ಲಿ ಚರ್ಚ್ ರಾಜರಿಗಿಂತ ಬಲವಾಗಿತ್ತು ಎಂದು ಪುಸ್ತಕದಲ್ಲಿದೆ. ಆದರೆ ನಮ್ಮ ನೋಟ್ಸಿನಲ್ಲಿ ಬರೀ ಧರ್ಮಯುದ್ಧ ಮತ್ತು ಲೂಥರ್. ಜನರ ಮನೆಯೊಳಗೆ ಚರ್ಚ್ ಏನು ಬದಲಾಯಿಸಿತು?
ಒಬ್ಬ ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ನೋಡಮ್ಮಾ, ನನ್ನ ಮದುವೆಯಿಂದಲೇ ಶುರು ಮಾಡುತ್ತೇನೆ. ನಾನು ಕಟ್ಟಿಕೊಂಡಿದ್ದು ನನ್ನ ಸೋದರಮಾವನ ಮಗಳನ್ನು. ಸೋಮವಾರಪೇಟೆ ಕಡೆ ನಮ್ಮ ಕಾಲಕ್ಕೆ ಇದೇನೂ ದೊಡ್ಡ ಸುದ್ದಿಯಲ್ಲ. ಮಾವನ ತೋಟಕ್ಕೂ ನಮ್ಮ ತೋಟಕ್ಕೂ ನಡುವೆ ಒಂದು ಬೇಲಿ ಇತ್ತು. ಮದುವೆಯಾದ ಮೇಲೆ ಆ ಬೇಲಿಗೆ ಯಾರೂ ಹೊಸ ಗೂಟ ಹೊಡೆಯಲಿಲ್ಲ. ಎರಡೂ ಮನೆಯ ಕಾಫಿ ಒಂದೇ ಕಣದಲ್ಲಿ ಒಣಗತೊಡಗಿತು. "ಹೆಣ್ಣೂ ಹೊರಗೆ ಹೋಗಲಿಲ್ಲ, ಮಣ್ಣೂ ಹೊರಗೆ ಹೋಗಲಿಲ್ಲ" ಎಂದು ನಮ್ಮಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು.

1200ರ ಹೊತ್ತಿಗೆ ನಾನು ಫ್ರಾನ್ಸಿನಲ್ಲಿ ಹುಟ್ಟಿದ್ದರೆ ಈ ಮದುವೆ ಪಾಪ. ಪಾಪ ಮಾತ್ರವಲ್ಲ, ಚರ್ಚಿನ ಲೆಕ್ಕದಲ್ಲಿ ಅದು ಮದುವೆಯೇ ಅಲ್ಲ.

11ನೇ ಶತಮಾನದ ಹೊತ್ತಿಗೆ ಚರ್ಚಿನ ನಿಯಮ ಏಳು ತಲೆಮಾರಿನವರೆಗೆ ಹೋಗಿತ್ತು. ಗಂಡಿಗೂ ಹೆಣ್ಣಿಗೂ ಏಳು ತಲೆ ಹಿಂದೆ ಒಬ್ಬರೇ ಹಿರಿಯರಿದ್ದರೂ ಮದುವೆಯಾಗುವ ಹಾಗಿಲ್ಲ. ಸುಮ್ನೆ ಎಣಿಸಿ ನೋಡಿ. ಏಳು ತಲೆ ಹಿಂದೆ ನಮಗೆ 128 ಜನ ಹಿರಿಯರು. ಅವರ ಹೆಸರು ಬಿಡಿ, ಊರು ಯಾರಿಗೆ ಗೊತ್ತಿರುತ್ತದೆ? ಇದರ ಮೇಲೆ ಹೆಂಡತಿ ಕಡೆಯ ನೆಂಟರೂ ವರ್ಜ್ಯ, ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ಜ್ಞಾನಸ್ನಾನಕ್ಕೆ ನಿಂತ ಜ್ಞಾನ ತಂದೆತಾಯಿಯ ಸಂಬಂಧವೂ ವರ್ಜ್ಯ. ಐವತ್ತು ಮನೆಯ ಹಳ್ಳಿಯಲ್ಲಿ ಹುಡುಗನಿಗೆ ಹೆಣ್ಣು ಎಲ್ಲಿಂದ ತರುವುದು! ಕೊನೆಗೆ 1215ರಲ್ಲಿ ಪೋಪ್ 3ನೇ ಇನ್ನೊಸೆಂಟ್ ಕರೆದ ನಾಲ್ಕನೇ ಲ್ಯಾಟರನ್ ಸಭೆ ಏಳನ್ನು ನಾಲ್ಕಕ್ಕೆ ಇಳಿಸಿತು. ಆಗಲೂ ಅಜ್ಜನ ಅಜ್ಜ ಒಬ್ಬರೇ ಆಗಿದ್ದರೆ ಮದುವೆ ಇಲ್ಲ. ನಾನೂ ನನ್ನ ಹೆಂಡತಿಯೂ ಎರಡನೇ ತಲೆಯಲ್ಲೇ ಸಿಕ್ಕಿಬೀಳುತ್ತೇವೆ.

ಇಷ್ಟು ಬಿಗಿ ಯಾಕೆ? ಜಾಕ್ ಗುಡಿ ಎಂಬ ಇಂಗ್ಲೆಂಡಿನ ಮಾನವಶಾಸ್ತ್ರಜ್ಞರು ಇದರ ಹಿಂದೆ ಜಮೀನು ಕಂಡರು. ನೆಂಟರೊಳಗೆ ಮದುವೆ ಬೇಡ, ದತ್ತು ಬೇಡ, ಸತ್ತ ಅಣ್ಣನ ಹೆಂಡತಿಯನ್ನು ತಮ್ಮ ಕಟ್ಟಿಕೊಳ್ಳುವುದು ಬೇಡ ಎಂದರೆ ವಾರಸುದಾರರು ಕಡಿಮೆಯಾಗುತ್ತಾರೆ. ವಾರಸುದಾರರಿಲ್ಲದ ಆಸ್ತಿ ಚರ್ಚಿಗೆ ಬರುವುದು ಸುಲಭವಾಗುತ್ತದೆ. ನಮ್ಮ ಬೇಲಿಯ ಕಥೆ ಗೊತ್ತಿರುವ ನನಗೆ ಈ ಮಾತು ಥಟ್ಟನೆ ಅರ್ಥವಾಯಿತು. ಆದರೆ ಪೂರ್ತಿ ಒಪ್ಪಲು ಮನಸ್ಸು ಬಾರದು. ಪಾದ್ರಿಗಳು ನೂರಾರು ವರ್ಷ ಕೂತು ಜಮೀನು ಹೊಡೆಯುವ ಸಂಚು ಮಾಡಿದರು ಎನ್ನುವುದು ಅತಿಯಾಯಿತು. 5ನೇ ಶತಮಾನದಲ್ಲೇ ಸಂತ ಆಗಸ್ಟಿನ್ ಬೇರೆಯೇ ಕಾರಣ ಕೊಟ್ಟಿದ್ದರು. ಇದ್ದ ನೆಂಟರನ್ನೇ ಮತ್ತೆ ನೆಂಟರಾಗಿ ಮಾಡಿಕೊಂಡರೆ ಪ್ರೀತಿ ಅಲ್ಲಲ್ಲೇ ಸುತ್ತುತ್ತದೆ, ಹೊರಗಿನಿಂದ ತಂದರೆ ಬಳಗ ಬೆಳೆಯುತ್ತದೆ ಎಂಬುದು ಅವರ ವಾದ. ಕೊಡವರ ಒಕ್ಕದೊಳಗೆ, ಅಂದರೆ ಒಂದೇ ಮನೆತನದೊಳಗೆ, ಹೆಣ್ಣು ತರುವುದಿಲ್ಲ; ಗೌಡರಲ್ಲಿ ಒಂದೇ ಬಳಿಯಲ್ಲಿ, ಅಂದರೆ ಗೋತ್ರದಂಥ ಒಂದೇ ಗುಂಪಿನಲ್ಲಿ, ತರುವುದಿಲ್ಲ. ಆ ಕಟ್ಟಿನ ಹಿಂದೆಯೂ ಇಂಥದ್ದೇ ಯೋಚನೆ ಇರಬಹುದು ಅಲ್ವಾ? ಅಪ್ಪನ ಕಡೆ ಬಾಗಿಲು ಹಾಕಿ ತಾಯಿ ಕಡೆ ತೆರೆದಿಟ್ಟಿದ್ದೇವೆ, ಅಷ್ಟೇ.

ಇನ್ನು ಸೈನ್ಯವಿಲ್ಲದ ಚರ್ಚ್ ರಾಜರನ್ನು ಹೇಗೆ ಹಿಡಿದಿತ್ತು ಎಂಬುದು. ರಾಜಮನೆತನದವರೆಲ್ಲ ಒಬ್ಬರಿಗೊಬ್ಬರು ನೆಂಟರೇ. ಹಾಗಾಗಿ ಹೆಚ್ಚುಕಡಿಮೆ ಪ್ರತಿ ಮದುವೆಗೂ ವಿನಾಯಿತಿ ಬೇಕು. ಕೊಡುವವರು ಪೋಪ್. ಮದುವೆ ಸಾಕಾದರೆ ಅದೇ ನಿಯಮ ಹಿಡಿದು ಹೊರಗೂ ಬರಬಹುದು. ಫ್ರಾನ್ಸಿನ ರಾಜ 7ನೇ ಲೂಯಿ, ನೈಋತ್ಯ ಫ್ರಾನ್ಸಿನ ಅಕ್ವಿಟೇನ್ ಸೀಮೆಯ ಒಡತಿ ಎಲೀನರಳನ್ನು 1137ರಲ್ಲಿ ಮದುವೆಯಾದ. ಹದಿನೈದು ವರ್ಷಕ್ಕೆ ಇಬ್ಬರು ಹೆಣ್ಣುಮಕ್ಕಳು, ಗಂಡಿಲ್ಲ. 1152ರ ಮಾರ್ಚಿನಲ್ಲಿ ದಿಢೀರನೆ 'ನಾವು ರಕ್ತಸಂಬಂಧಿಗಳು' ಎಂದು ನೆನಪಾಗಿ ಮದುವೆ ರದ್ದಾಯಿತು. ಎಲೀನರ್ ಎಂಟೇ ವಾರದಲ್ಲಿ ಆಂಜೂವಿನ ಹೆನ್ರಿಯನ್ನು ಕಟ್ಟಿಕೊಂಡಳು. ತಮಾಷೆ ಏನೆಂದರೆ ಅವನೂ ಅವಳಿಗೆ ಸಂಬಂಧಿಯೇ! ಎರಡು ವರ್ಷದಲ್ಲಿ ಅವನು ಇಂಗ್ಲೆಂಡಿನ ರಾಜನಾದ. ಅವಳ ಜೊತೆ ಅಕ್ವಿಟೇನಿನ ಅಷ್ಟೂ ಸೀಮೆ ಇಂಗ್ಲೆಂಡಿನ ರಾಜಮನೆತನದ ಕೈಗೆ ಹೋಯಿತು. ಆ ಕಡೆಯ ಬೋರ್ಡೊ ಊರು ಫ್ರಾನ್ಸಿಗೆ ಕೊನೆಯದಾಗಿ ವಾಪಸ್ ಸಿಕ್ಕಿದ್ದು 1453ರಲ್ಲಿ. ಮುನ್ನೂರು ವರ್ಷದ ಜಗಳ. ನಮ್ಮಲ್ಲಿ ಬೇಲಿ ಹೋಯಿತು, ಅಲ್ಲಿ ಬೇಲಿ ಎದ್ದಿತು.

ಇಂಗ್ಲೆಂಡಿನ ರಾಜ 8ನೇ ಹೆನ್ರಿಯ ಕಥೆ ನಿಮ್ಮ ನೋಟ್ಸಿನಲ್ಲಿ ಇದ್ದೇ ಇರುತ್ತದೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಕ್ಯಾಥರಿನ್‌ಳನ್ನು 1509ರಲ್ಲಿ ಮದುವೆಯಾಗಿದ್ದು ಪೋಪ್ ವಿನಾಯಿತಿಯಿಂದಲೇ. ಆಮೇಲೆ ಆ ವಿನಾಯಿತಿಯೇ ತಪ್ಪು, ಮದುವೆ ರದ್ದು ಮಾಡಿ ಎಂದು ಹಟ ಹಿಡಿದ. ಕ್ಯಾಥರಿನ್ ಚಕ್ರವರ್ತಿ 5ನೇ ಚಾರ್ಲ್ಸ್‌ನ ಚಿಕ್ಕಮ್ಮ. 1527ರಲ್ಲಿ ರೋಮನ್ನು ಕೊಳ್ಳೆ ಹೊಡೆದದ್ದು ಅವನದೇ ಸೈನ್ಯ. ಪೋಪ್ 7ನೇ ಕ್ಲೆಮೆಂಟ್ ಹೂಂ ಎನ್ನುವುದಾದರೂ ಹೇಗೆ? 1534ರಲ್ಲಿ ಹೆನ್ರಿ ತಾನೇ ಇಂಗ್ಲೆಂಡಿನ ಚರ್ಚಿಗೆ ಮುಖ್ಯಸ್ಥನಾದ. 1536ರಿಂದ 1540ರೊಳಗೆ ಮಠಗಳನ್ನೆಲ್ಲ ಮುಚ್ಚಿ ಜಮೀನು ಕಿತ್ತುಕೊಂಡ. ನಿಮ್ಮ ನೋಟ್ಸಿನಲ್ಲಿ ಇಲ್ಲದ್ದು ಇದು: 1540ರಲ್ಲೇ ಮಾವ-ಅತ್ತೆ ಮಕ್ಕಳು, ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳು ಮದುವೆಯಾಗಬಹುದು ಎಂದು ಕಾನೂನು ಬಂತು. ಅದೇ ವರ್ಷ ಅವನು ಕ್ಯಾಥರಿನ್ ಹೊವಾರ್ಡ್‌ಳನ್ನು ಮದುವೆಯಾದ. ಅವಳು ಯಾರು ಗೊತ್ತಾ? ಅವನೇ ತಲೆ ತೆಗೆಸಿದ ಎರಡನೇ ಹೆಂಡತಿ ಆ್ಯನ್ ಬೊಲಿನ್‌ಳ ಸೋದರಮಾವನ ಮಗಳು.

ವಿನಾಯಿತಿ ಜಾಸ್ತಿಯಾದರೆ ಏನಾಗುತ್ತದೆ ಎಂಬುದಕ್ಕೆ ಸ್ಪೇನ್ ಇದೆ. 4ನೇ ಫಿಲಿಪ್ 1649ರಲ್ಲಿ ಸ್ವಂತ ತಂಗಿಯ ಮಗಳನ್ನೇ ಮದುವೆಯಾದ. ಅವರ ಮಗ 2ನೇ ಚಾರ್ಲ್ಸ್ ಹುಟ್ಟಿನಿಂದ ರೋಗಿ. 1700ರಲ್ಲಿ ಮಕ್ಕಳಿಲ್ಲದೆ ಸತ್ತ. ಸಿಂಹಾಸನಕ್ಕಾಗಿ ಯುರೋಪು 1714ರವರೆಗೆ ಬಡಿದಾಡಿತು. ಅಕ್ಕನ ಮಗಳನ್ನು ತರುವ ಮಾತು ಎತ್ತಿದವರಿಗೆ ನಾನು ಈ ಕಥೆ ಹೇಳಿ ಬೈಸಿಕೊಂಡಿದ್ದೇನೆ.

ಒಂದು ಮಾತು ಬಿಟ್ಟೆ. ಗಂಡು ಹೆಣ್ಣು ಇಬ್ಬರೂ ಬಾಯಿಬಿಟ್ಟು ಒಪ್ಪಿದರೆ ಮದುವೆ ಆದಂತೆಯೇ, ಅಪ್ಪ-ಅಮ್ಮನ ಒಪ್ಪಿಗೆ ಬೇಕಿಲ್ಲ ಎಂದು 12ನೇ ಶತಮಾನದಲ್ಲಿ ಚರ್ಚೇ ಹೇಳಿತ್ತು. ಇದರಿಂದ ಗುಟ್ಟು ಮದುವೆಗಳ ತಲೆನೋವು ಶುರುವಾಯಿತು. ಅದಕ್ಕೇ 1215ರ ಸಭೆ, ಮದುವೆಗೆ ಮೊದಲು ಜೋಡಿಯ ಹೆಸರನ್ನು ಚರ್ಚಿನಲ್ಲಿ ಸಾರಬೇಕೆಂದಿತು. ನನ್ನ ಹಳೇ ಶಿಷ್ಯನೊಬ್ಬನ ಹೆಸರನ್ನು ಹೀಗೆ ವಿರಾಜಪೇಟೆಯ ಚರ್ಚಿನಲ್ಲಿ ಭಾನುವಾರ ಸಾರಿದಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ಅಡ್ಡಿ ಇದ್ದವರು ತಿಳಿಸಬೇಕು ಎಂದರು. ಒಂದು ಮಗು ಸೀನಿತು. ಬೇರೆ ಅಡ್ಡಿ ಇರಲಿಲ್ಲ.

ಪ್ರಶ್ನೆ: ಹಿಂದೆ ಒಬ್ಬ ಪೋಪ್ ಹತ್ತು ದಿನವನ್ನೇ ನುಂಗಿಹಾಕಿದರಂತೆ, ಹೌದಾ ಸರ್?
ಒಬ್ಬ ಓದುಗರು, ಮಡಿಕೇರಿ

ಉತ್ತರ: ಹೌದು. ಪೋಪ್ 13ನೇ ಗ್ರೆಗರಿ. 1582ರ ಅಕ್ಟೋಬರ್ 4ರ ಮಾರನೇ ದಿನ ಅಕ್ಟೋಬರ್ 15. ಹಳೇ ಕ್ಯಾಲೆಂಡರಿನ ವರ್ಷ ಸುಮಾರು 11 ನಿಮಿಷ ಉದ್ದವಾಗಿತ್ತು. ಸಾವಿರ ವರ್ಷದ ಮೇಲೆ ಈ ನಿಮಿಷಗಳೇ ಸೇರಿ ಹತ್ತು ದಿನವಾಗಿ, ಈಸ್ಟರ್ ಹಬ್ಬದ ಲೆಕ್ಕ ತಪ್ಪಿತ್ತು. ಪೋಪ್ ಹೇಳಿದ್ದು ಎಂಬ ಒಂದೇ ಕಾರಣಕ್ಕೆ ಬ್ರಿಟನ್ 1752ರವರೆಗೆ ಒಪ್ಪಲಿಲ್ಲ. ರಷ್ಯಾ ಒಪ್ಪಿದ್ದು 1918ರಲ್ಲಿ.

ನಮ್ಮ ತುಲಾ ಸಂಕ್ರಮಣ ಈ ಕ್ಯಾಲೆಂಡರಿಗೆ ಬಗ್ಗುವುದಿಲ್ಲ. ತಲಕಾವೇರಿ ತೀರ್ಥೋದ್ಭವದ ಗಳಿಗೆ ವರ್ಷ ವರ್ಷ ಬೇರೆ. ಒಂದು ಸಲ ನಾನು ಗೋಡೆ ಕ್ಯಾಲೆಂಡರಿನ ತಾರೀಕು ನೋಡಿ ಬೆಳಿಗ್ಗೆ ಹೊರಟೆ. ಗಳಿಗೆ ಹಿಂದಿನ ರಾತ್ರಿಯೇ ಮುಗಿದಿತ್ತು. ಪಂಚಾಂಗ ನೋಡಿದ್ದ ನನ್ನ ಹೆಂಡತಿ ಪಕ್ಕದ ಮನೆಯವರ ಜೀಪಿನಲ್ಲಿ ಹೋಗಿ, ತೀರ್ಥ ತುಂಬಿಸಿಕೊಂಡು, ನನಗೆ ಭಾಗಮಂಡಲದ ಬಸ್ ಸ್ಟ್ಯಾಂಡಿನಲ್ಲಿ ಎದುರಾದಳು.