ಅಗ್ಗದ ಫ್ಯಾಷನ್ ಬಟ್ಟೆ ಕೊಳ್ಳುವುದು ತಪ್ಪೇ? ದುಬಾರಿ ಬ್ರ್ಯಾಂಡ್ ಕೊಂಡರೆ ಕಾರ್ಮಿಕರಿಗೂ ಪರಿಸರಕ್ಕೂ ಒಳಿತಾಗುತ್ತದೆಯೇ?

ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ. ಬೆಲೆಚೀಟಿಯನ್ನು ನೋಡಿ ಬಟ್ಟೆ ಹೊಲಿದವರ ಸ್ಥಿತಿಯನ್ನು ತಿಳಿಯಲು ಸಾಧ್ಯವಿಲ್ಲ. ನಾನು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಉತ್ಪಾದನಾ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಅಗ್ಗದ ಬ್ರ್ಯಾಂಡಿನ ಅಂಗಿಯೂ ಅದರ ನಾಲ್ಕು ಪಟ್ಟು ಬೆಲೆಗೆ ಮಾರಾಟವಾಗುವ ಅಂಗಿಯೂ ಒಂದೇ ಸೂರಿನಡಿ, ಅದೇ ಹೆಂಗಸರ ಕೈಯಲ್ಲಿ, ಅದೇ ಕನಿಷ್ಠ ವೇತನಕ್ಕೆ ಸಿದ್ಧವಾಗುತ್ತಿದ್ದವು.

ಅವರ ಮೇಲೆ ನಿಜವಾಗಿ ಭಾರ ಹೇರುವುದು ಬೆಲೆಗಿಂತ ಹೆಚ್ಚಾಗಿ ವೇಗ. ಹೊಲಿಗೆ ಲೈನಿನಲ್ಲಿ, ಅಂದರೆ ಒಬ್ಬೊಬ್ಬರು ಅಂಗಿಯ ಒಂದೊಂದು ಭಾಗ ಹೊಲಿದು ಮುಂದಕ್ಕೆ ದಾಟಿಸುವ ಸಾಲಿನಲ್ಲಿ, ಪ್ರತಿಯೊಂದು ಕೆಲಸಕ್ಕೂ ಇಷ್ಟು ನಿಮಿಷವೆಂದು ಸ್ಟಾಪ್‌ವಾಚ್ ಹಿಡಿದು ನಿಗದಿ ಮಾಡುತ್ತಾರೆ. ಕಾಲರ್ ಕೂಡಿಸುವುದಕ್ಕೆ 0.6 ನಿಮಿಷ ಎಂದಾದರೆ ಗಂಟೆಗೆ ನೂರು ಕಾಲರ್ ಎಂದರ್ಥ. ಲೈನಿನ ತುದಿಯ ಬೋರ್ಡಿನಲ್ಲಿ ಗಂಟೆಗಂಟೆಗೂ ಟಾರ್ಗೆಟ್ ಎಷ್ಟು, ಆದದ್ದೆಷ್ಟು ಎಂದು ಬರೆಯುತ್ತಾರೆ. ಹಿಂದೆ ಬಿದ್ದವಳ ಮುಂದೆ ಹೊಲಿಯಬೇಕಾದ ಬಂಡಲ್‌ಗಳು ರಾಶಿ ಬೀಳುತ್ತವೆ, ಸೂಪರ್‌ವೈಸರ್ ದನಿ ಏರುತ್ತದೆ. ಎದ್ದು ಶೌಚಾಲಯಕ್ಕೆ ಹೋದರೆ ಪೀಸ್ ಕಡಿಮೆಯಾಗುತ್ತದೆಂದು ಬೆಳಗಿನಿಂದ ನೀರನ್ನೇ ಕುಡಿಯದ ಟೈಲರ್‌ಗಳನ್ನು ನಾನು ಬಲ್ಲೆ. ಹೊಸ ಸ್ಟೈಲ್ ಲೈನಿಗೆ ಬಂದಾಗ ಕೈ ಪಳಗಲು ಕೆಲವು ದಿನ ಬೇಕೇ ಬೇಕು. ಹಿಂದೆ ಋತುವಿಗೊಮ್ಮೆ ಬದಲಾಗುತ್ತಿದ್ದ ವಿನ್ಯಾಸಗಳು ಈಗ ವಾರಗಳಲ್ಲೇ ಬದಲಾಗುತ್ತಿರುವುದರಿಂದ, ಕೈ ಪಳಗುವ ಹೊತ್ತಿಗೆ ಆ ಆರ್ಡರೇ ಮುಗಿದು, ಮತ್ತೊಂದು ಸ್ಟೈಲ್‌ನೊಂದಿಗೆ ಬೈಗುಳವೂ ಹೊಸದಾಗಿ ಶುರುವಾಗುತ್ತದೆ. ಅಂಗಡಿಯಲ್ಲಿ ನಾವು ಮೆಚ್ಚುವ 'ಹೊಸ ಕಲೆಕ್ಷನ್' ಲೈನಿನಲ್ಲಿ ಕುಳಿತವಳಿಗೆ ಹೀಗೆ ತಟ್ಟುತ್ತದೆ.

ಗಡುವಿನ ಈ ಒತ್ತಡ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಢಾಕಾ ಸಮೀಪದ ಸಾವರ್‌ನಲ್ಲಿದ್ದ ರಾಣಾ ಪ್ಲಾಜಾ ಸಾಕ್ಷಿ. ಎಂಟು ಅಂತಸ್ತಿನ ಆ ಕಟ್ಟಡದಲ್ಲಿ ಬಿರುಕು ಕಾಣಿಸಿಕೊಂಡಾಗ ಕೆಳಗಿನ ಬ್ಯಾಂಕ್ ಮತ್ತು ಅಂಗಡಿಗಳು ಬಾಗಿಲು ಹಾಕಿದವು. ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಮರುದಿನ, ಅಂದರೆ 2013ರ ಏಪ್ರಿಲ್ 24ರಂದು, ಕೆಲಸಕ್ಕೆ ಒಳಗೆ ಕಳುಹಿಸಲಾಯಿತು. ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಬಟ್ಟೆ ಹೊಲಿಸುತ್ತಿದ್ದವುಗಳಲ್ಲಿ ಯುರೋಪು, ಅಮೆರಿಕಗಳ ಹೆಸರಾಂತ ಬ್ರ್ಯಾಂಡ್‌ಗಳೂ ಇದ್ದವು.

ಪರಿಸರದ ಮಾತಿಗೆ ಬಂದರೆ, ನಮಗೆ ಹತ್ತಿರದ ನಿದರ್ಶನ ತಮಿಳುನಾಡಿನ ಜವಳಿ ನಗರ ತಿರುಪ್ಪೂರು. ಅಲ್ಲಿನ ಬಣ್ಣ ಹಾಕುವ ಮತ್ತು ಬ್ಲೀಚಿಂಗ್ ಘಟಕಗಳ ಉಪ್ಪುಮಿಶ್ರಿತ ನೀರು ದಶಕಗಳ ಕಾಲ ನೊಯ್ಯಲ್ ನದಿಗೆ ಸೇರಿತು. ಆ ನದಿ ಮುಂದೆ ಕಾವೇರಿಯನ್ನು ಕೂಡುತ್ತದೆ. ನೀರಾವರಿಗೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ಕೊಳಕು ನೀರು ನಿಲ್ಲುವ ತಾಣವಾಯಿತು, ಕೆಳಗಿನ ರೈತರ ಹೊಲ, ಬಾವಿಗಳು ಹಾಳಾದವು. ಆ ರೈತರೇ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡಿದ ಮೇಲೆ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಘಟಕಗಳನ್ನು ಮುಚ್ಚಿಸಿತು. ಆಮೇಲೆ ಒಂದು ಹನಿಯನ್ನೂ ಹೊರಗೆ ಬಿಡದೆ ಶುದ್ಧೀಕರಿಸಿ ಮರುಬಳಸುವ ವ್ಯವಸ್ಥೆ ಬಂದಿತು. ಅದರ ಖರ್ಚು ದೊಡ್ಡದು. ಆದರೆ ಆ ಖರ್ಚನ್ನು ಅಷ್ಟು ಕಾಲ ಭರಿಸಿದವರು ಬಟ್ಟೆ ಕೊಂಡವರಲ್ಲ, ನೊಯ್ಯಲ್ ದಂಡೆಯ ರೈತರು ಎಂಬುದನ್ನು ಮರೆಯಬಾರದು. ಇನ್ನು ಇಂದು ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್, ಅಂದರೆ ಪೆಟ್ರೋಲಿಯಂನಿಂದ ಬಂದ ಪ್ಲಾಸ್ಟಿಕ್. ಪ್ರತಿ ಸಲ ಒಗೆದಾಗಲೂ ಅದರ ಸೂಕ್ಷ್ಮ ಎಳೆಗಳು ಚರಂಡಿಗೆ ಹೋಗುತ್ತವೆ.

ಈಗ ಮೊದಲ ಪ್ರಶ್ನೆ. ಕಡಿಮೆ ಆದಾಯದ ಕುಟುಂಬವೊಂದು ಹಬ್ಬಕ್ಕೆ ಅಗ್ಗದ ಬಟ್ಟೆ ಕೊಂಡು ಎರಡು ಮೂರು ವರ್ಷ ಉಟ್ಟರೆ ಅದರಲ್ಲಿ ಯಾವ ತಪ್ಪೂ ಇಲ್ಲ. ಅವರನ್ನು ಹೀಯಾಳಿಸುವ 'ಪರಿಸರ ಕಾಳಜಿ' ನನಗೆ ಒಪ್ಪಿಗೆಯಿಲ್ಲ. ಈ ವೇಗವನ್ನು ನಡೆಸುತ್ತಿರುವುದು ಹೆಚ್ಚು ಹಣವಿದ್ದು, ಎರಡು ಸಲ ತೊಟ್ಟು ಮೂಲೆಗೆ ಹಾಕುವ ನಮ್ಮಂಥವರ ಕೊಳ್ಳುವಿಕೆ. ಆದ್ದರಿಂದ ಬೆಲೆಗಿಂತ ವರ್ಷಕ್ಕೆ ಎಷ್ಟು ಬಟ್ಟೆ ಕೊಳ್ಳುತ್ತೀರಿ ಎಂಬುದನ್ನು ಲೆಕ್ಕ ಹಾಕಿ. ಕೊಳ್ಳುವಾಗ ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿ: ಹೊಲಿಗೆ ಒತ್ತಾಗಿದ್ದು, ಅಂಚಿನಲ್ಲಿ ಮುಂದೆ ಬಿಚ್ಚಿ ಸಡಿಲಿಸುವಷ್ಟು ಬಟ್ಟೆ ಬಿಟ್ಟಿದ್ದರೆ ಅದು ಬಾಳಿಕೆ ಬರುತ್ತದೆ.

ಆದರೆ ಕೊಳ್ಳುವವರ ಸಂಯಮ ಒಂದರಿಂದಲೇ ಕಾರ್ಖಾನೆಯೊಳಗೆ ಬದಲಾವಣೆ ಆಗದು. ಭವಿಷ್ಯನಿಧಿ (ಪಿಎಫ್) ಹಣ ಹಿಂಪಡೆಯುವುದನ್ನು ನಿರ್ಬಂಧಿಸುವ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು; ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ರಾಣಾ ಪ್ಲಾಜಾ ದುರಂತದ ಬಳಿಕ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಆದ 'ಅಕಾರ್ಡ್' ಎಂಬ ಸುರಕ್ಷತಾ ಒಪ್ಪಂದವನ್ನು ಪಾಲಿಸಲು ಸಹಿ ಹಾಕಿದವರು ಕಾನೂನಿನಡಿ ಬದ್ಧರಾಗಿದ್ದುದರಿಂದಲೇ ಬಾಂಗ್ಲಾದೇಶದ ಕಾರ್ಖಾನೆಗಳ ಸುರಕ್ಷತೆ ಸುಧಾರಿಸಿತು, ಮುಂದೆ ಅದು ಪಾಕಿಸ್ತಾನಕ್ಕೂ ವಿಸ್ತರಿಸಿತು. ನೀವು ಇಷ್ಟಪಡುವ ಬ್ರ್ಯಾಂಡಿಗೆ ಪತ್ರ ಬರೆಯುವುದಾದರೆ, ಯಾವ ಕಾರ್ಖಾನೆಗಳಲ್ಲಿ ಹೊಲಿಸುತ್ತೀರಿ, ಅಲ್ಲಿ ಕಾರ್ಮಿಕ ಸಂಘಕ್ಕೆ ಅವಕಾಶವಿದೆಯೇ, ಇಂಥ ಒಪ್ಪಂದಕ್ಕೆ ಸಹಿ ಹಾಕಿದ್ದೀರಾ ಎಂದು ಕೇಳಿ.