ದತ್ತು ತಂದ ನಾಯಿ ಮೂರು ವಾರದ ನಂತರ ಮನೆಯೊಳಗೇ ಉಚ್ಚೆ ಹೊಯ್ಯುತ್ತಿದೆ. ಶಿಸ್ತು ಹೇಗೆ ಕಲಿಸಲಿ, ಅಥವಾ ಮರಳಿಸಿಬಿಡಲೇ?

ಎರಡನ್ನೂ ಸದ್ಯ ಬದಿಗಿಡಿ. ನಾಳೆ ಬೆಳಿಗ್ಗೆ ಅದರ ಮೂತ್ರ ಹಿಡಿದು ಪಶುವೈದ್ಯರಿಗೆ ಕೊಡಿ. ನಾನು ಆ ಕೆಲಸವನ್ನು ಹನ್ನೆರಡು ದಿನ ತಡವಾಗಿ ಮಾಡಿದೆ.

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಬಂದಾಗ ನಮ್ಮ ನಾಯಿ ಗೌರಿಗೆ ಐದು ವರ್ಷ. ಮೊದಲು ಸಾಕಿದವರಿಗೆ ವರ್ಗವಾಗಿತ್ತು. ಒಂದು ತಿಂಗಳು ಮನೆಯೊಳಗೆ ಹನಿ ಬೀಳಲಿಲ್ಲ. ಬಾಗಿಲ ಬಳಿ ನಿಂತು ನನ್ನ ಮುಖ ನೋಡುತ್ತಿದ್ದಳು, ಅಷ್ಟೇ ಸೂಚನೆ. ಆಷಾಢದ ಜಿಟಿಜಿಟಿ ಮಳೆ ಹಿಡಿದ ವಾರ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಅಂಗೈಯಗಲ ಒದ್ದೆ. ಸಂಜೆ ಇನ್ನೆರಡು ಕಡೆ. ಮಳೆಗೆ ಹೊರಬೀಳಲು ಸೋಮಾರಿತನ ಎಂದುಕೊಂಡೆ. ಪಕ್ಕದ ಮನೆಯವರು, ಹಳೆಯ ಮನೆ ನೆನೆದು ಸೇಡು ತೀರಿಸಿಕೊಳ್ಳುತ್ತಿದೆ ಎಂದರು. ನಂಬಿದೆ.

ಕಚೇರಿಯಿಂದ ಬಂದು ಒದ್ದೆ ಕಂಡರೆ ಕೊರಳಪಟ್ಟಿ ಹಿಡಿದು ಎಳೆತಂದು, ಮೂತಿಯನ್ನು ಅಲ್ಲಿಗೆ ಒತ್ತಿ ಗದರುತ್ತಿದ್ದೆ. ಅವಳು ಕಿವಿ ಹಿಂದಕ್ಕೆ ಮಡಚಿ, ಬಾಲ ಮುದುಡಿಕೊಂಡು ನೆಲ ನೋಡುತ್ತಿದ್ದಳು. ತಪ್ಪು ಅವಳಿಗೇ ಗೊತ್ತಿದೆ ಎಂದು ನಾನು ಓದಿಕೊಂಡೆ. ಅದು ಬರೀ ಹೆದರಿಕೆ. ಮಧ್ಯಾಹ್ನ ಹೊಯ್ದದ್ದಕ್ಕೂ ಸಂಜೆಯ ಬೈಗುಳಕ್ಕೂ ನಾಯಿ ಗಂಟು ಹಾಕುವುದಿಲ್ಲ. ಕಣ್ಣೆದುರೇ ಹೊಯ್ದಾಗ ಗದರಿದ್ದು ಇನ್ನೂ ಕೆಟ್ಟದಾಯಿತು: ಒಳಗೆ ಹೊಯ್ಯಬಾರದು ಎಂದು ನಾನು ಕಲಿಸುತ್ತಿದ್ದೆ, ಇವನ ಎದುರು ಹೊಯ್ಯಬಾರದು ಎಂದು ಅವಳು ಕಲಿಯುತ್ತಿದ್ದಳು.

ಹದಿಮೂರನೆಯ ದಿನ ಒದ್ದೆಯಲ್ಲಿ ತೆಳು ಗುಲಾಬಿ ಬಣ್ಣ ಕಂಡಿತು. ಮೂತ್ರಕೋಶದ ಸೋಂಕು. ಪಾಪ, ಅವಳಿಗೆ ತಡೆದುಕೊಳ್ಳಲು ಆಗುತ್ತಲೇ ಇರಲಿಲ್ಲ. ವೈದ್ಯರು ಕೊಟ್ಟ ಮಾತ್ರೆಗೆ ಸೋಂಕು ಹೋಯಿತು, ನನ್ನ ಪಾಠ ಹೋಗಲಿಲ್ಲ. ಕೆಲಗೇರಿ ಕೆರೆಯ ದಂಡೆಯಲ್ಲಿ ನಲವತ್ತು ನಿಮಿಷ ಅಡ್ಡಾಡಿದರೂ ಬಿಗಿಹಿಡಿದು, ಮನೆಗೆ ಬಂದು ಟ್ರಂಕಿನ ಹಿಂದೆ ಹೋಗಿ ಹೊಯ್ಯುತ್ತಿದ್ದಳು. ಕೊನೆಗೆ ಸಣ್ಣ ಪಟ್ಟಿ ಬಿಟ್ಟು ಉದ್ದನೆಯ ಹಗ್ಗ ಕಟ್ಟಿದೆ. ಅವಳಿಗೆ ಬೆನ್ನು ಹಾಕಿ ಕಾಂಪೌಂಡಿನ ಗೋಡೆ ನೋಡುತ್ತಾ ನಿಲ್ಲುತ್ತಿದ್ದೆ. ಹುಲ್ಲಿನ ಮೇಲೆ ಸುರ್ ಎಂಬ ಸದ್ದು ಪೂರ್ತಿ ನಿಂತ ಮೇಲೆ ತಿರುಗಿ, ಬೇಯಿಸಿದ ಮೊಟ್ಟೆಯ ಚೂರು ಕೊಡುತ್ತಿದ್ದೆ. ನನ್ನ ಎದುರೇ ಧೈರ್ಯವಾಗಿ ಕೂರಲು ದಸರೆ ಬರಬೇಕಾಯಿತು.

ಹಾಗಾಗಿ ಸೇಡು, ಹಟ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ನೀರು ಕಡಿಮೆ ಮಾಡಬೇಡಿ. ಸೋಂಕಿದ್ದರೆ ಅದು ಹಿಂಸೆ. ಮೊದಲಿಗಿಂತ ಬಹಳ ನೀರು ಕುಡಿಯುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ, ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು. ಮಲಗಿದಲ್ಲೇ ಸೋರುತ್ತಿದ್ದರೆ ಅದನ್ನೂ ಹೇಳಿ. ಸಂತಾನಹರಣ ಚಿಕಿತ್ಸೆಯಾದ ಹೆಣ್ಣು ನಾಯಿಗಳಲ್ಲಿ ಮೂತ್ರದ್ವಾರದ ಬಿಗಿ ಸಡಿಲವಾಗುವುದುಂಟು. ಫಿನಾಯಿಲ್‌ನಿಂದ ವಾಸನೆ ಅಡಗುವುದು ನಮ್ಮ ಮೂಗಿಗೆ ಮಾತ್ರ, ನಾಯಿ ಅದೇ ಜಾಗ ಹುಡುಕಿಕೊಂಡು ಬರುತ್ತದೆ. ನೆಲ ಒರೆಸಲು ಕಿಣ್ವವಿರುವ (ಎನ್‌ಜೈಮ್) ದ್ರಾವಣ ತನ್ನಿ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದಾದರೆ ಮರಿಯನ್ನು ನೋಡಿಕೊಂಡಂತೆ ನೋಡಿಕೊಳ್ಳಿ: ಎದ್ದ ಕೂಡಲೇ, ಉಂಡ ಕೂಡಲೇ, ನಡುವೆ ಮೂರು ಗಂಟೆಗೊಮ್ಮೆ ಹೊರಗೆ.

ಮೂತ್ರ ಹಿಡಿಯಲು ಉದ್ದ ಹಿಡಿಯ ಸೌಟು ಸಾಕು, ಚೆನ್ನಾಗಿ ತೊಳೆದು ಒಣಗಿಸಿರಿ. ಅದು ಹೊಯ್ಯಲು ಶುರುಮಾಡಿದ ಮೇಲೆ ಪಕ್ಕದಿಂದ ಮೆಲ್ಲಗೆ ಸರಿಸಿ. ಎರಡು ಚಮಚ ಸಿಕ್ಕರೆ ಶುದ್ಧ ಬಾಟಲಿಗೆ ಸುರಿದು ಆಗಲೇ ಹೊರಡಿ. ದವಾಖಾನೆ ತೆರೆಯುವುದು ತಡವಿದ್ದರೆ ಅಲ್ಲಿಯವರೆಗೆ ಫ್ರಿಜ್‌ನಲ್ಲಿಡಿ.