ಸ್ಪರ್ಧಾರ್ಥಿಗಳ ಅಂಚೆ: ಪ್ರಚಲಿತ ವಿದ್ಯಮಾನ ಓದುವುದು ಹೇಗೆ?

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಪ್ರಚಲಿತ ವಿದ್ಯಮಾನದ ಬಗ್ಗೆಯೇ ಇವೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ದಿನಾ ಎರಡು ಪತ್ರಿಕೆ ಓದಿ ತಾರೀಖಿನ ಪ್ರಕಾರ ನೋಟ್ಸ್ ಬರೆಯುತ್ತೇನೆ. ಎಂಟು ತಿಂಗಳಲ್ಲಿ ಐದು ನೋಟ್‌ಬುಕ್ ತುಂಬಿವೆ. ತಿರುಗಿ ಓದಲು ಕೂತರೆ ತಲೆಬುಡ ಗೊತ್ತಾಗುತ್ತಿಲ್ಲ. (ದಾವಣಗೆರೆಯಿಂದ)

ಉತ್ತರ: ತಾರೀಖಿನ ಪ್ರಕಾರ ಬರೆಯುತ್ತಿದ್ದೀರಲ್ಲ, ಎಡವಟ್ಟು ಅಲ್ಲೇ ಆಗಿದೆ. ಇಂಥ ದಿನ ಏನಾಯಿತು ಎಂದು ಪರೀಕ್ಷೆಯಲ್ಲಿ ಕೇಳುವುದು ಅಪರೂಪ. ಸುದ್ದಿಯ ನೆಪದಲ್ಲಿ ಅದರ ಹಿಂದಿರುವ ಒಪ್ಪಂದ, ಕಾಯ್ದೆ, ಸಂಸ್ಥೆ, ಊರು ಇವನ್ನು ಕೇಳುತ್ತಾರೆ. ನೋಟ್‌ಬುಕ್ ಬಿಟ್ಟು ಬಿಡಿ ಹಾಳೆಗೆ ಬನ್ನಿ. ಒಂದು ವಿಷಯಕ್ಕೆ ಒಂದು ಹಾಳೆ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಬದಲಾಗದ ಸಂಗತಿ, ಬಲಕ್ಕೆ ಬದಲಾಗುವ ಸಂಗತಿ ಬರೆಯಿರಿ.

ಒಂದು ಹಾಳೆ ತುಂಬಿಸಿ ನೋಡೋಣ. 2024ರ ಜನವರಿ 31ರಂದು ಭಾರತದ ಐದು ಜೌಗು ಪ್ರದೇಶಗಳು ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಒಪ್ಪಂದವೊಂದರಡಿ ಗುರುತಿಸಿದ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದವು. ಮೂರು ಕರ್ನಾಟಕದವು, ಎರಡು ತಮಿಳುನಾಡಿನವು. ನಿಮ್ಮ ನೋಟ್‌ಬುಕ್‌ನಲ್ಲಿ ಇದಕ್ಕೆ ಒಂದೇ ಸಾಲು ಸಿಕ್ಕಿರುತ್ತದೆ. ಬಿಡಿ ಹಾಳೆಯಲ್ಲಾದರೆ ಎಡಕ್ಕೆ ಹೀಗೆ ಬರುತ್ತದೆ: ಒಪ್ಪಂದಕ್ಕೆ ಸಹಿ ಬಿದ್ದದ್ದು 1971ರ ಫೆಬ್ರವರಿ 2ರಂದು, ಇರಾನಿನ ರಾಮ್ಸಾರ್ ಪಟ್ಟಣದಲ್ಲಿ, ವಿಶ್ವ ಜೌಗು ಪ್ರದೇಶ ದಿನವೂ ಅದೇ ಫೆಬ್ರವರಿ 2, ಭಾರತದಿಂದ ಮೊದಲು ಸೇರಿದ್ದು ಒಡಿಶಾದ ಚಿಲಿಕಾ ಮತ್ತು ರಾಜಸ್ಥಾನದ ಕೇವಲಾದೇವ, 1981ರಲ್ಲಿ, ಅಪಾಯದಲ್ಲಿರುವ ತಾಣಗಳ ಮಾಂಟ್ರೂ ದಾಖಲೆಯಲ್ಲಿ ನಮ್ಮವು ಕೇವಲಾದೇವ ಮತ್ತು ಮಣಿಪುರದ ಲೋಕ್ತಕ್. ಬಲಕ್ಕೆ ಕರ್ನಾಟಕದ ಪಟ್ಟಿ: 2022ರಲ್ಲಿ ಸೇರಿದ ಮಂಡ್ಯ ಜಿಲ್ಲೆಯ ರಂಗನತಿಟ್ಟು, ಆಮೇಲೆ ಗದಗದ ಮಾಗಡಿ ಕೆರೆ, ವಿಜಯನಗರದ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ. ದೇಶದ ಒಟ್ಟು ಸಂಖ್ಯೆ ಆ ದಿನ 75ರಿಂದ 80ಕ್ಕೆ ಏರಿತ್ತು, ಆಮೇಲೂ ಏರಿದೆ. ಅದನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆಯಿರಿ, ಪರೀಕ್ಷೆಗೆ ವಾರವಿರುವಾಗ ತಿದ್ದಿದರಾಯಿತು.

ಈಗ ಈ ಹಾಳೆಯಿಂದ ಎಂಥ ಪ್ರಶ್ನೆ ಹುಟ್ಟುತ್ತದೆ ನೋಡಿ. ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ‘ಮಾಗಡಿ ಕೆರೆ’ ಎದುರಿಗೆ ರಾಮನಗರ ಎಂದಿದ್ದರೆ ಬಹಳ ಜನ ಕಣ್ಣುಮುಚ್ಚಿ ಗುರುತು ಹಾಕುತ್ತಾರೆ, ಏಕೆಂದರೆ ಕೆಂಪೇಗೌಡರ ಮಾಗಡಿ ಎಲ್ಲರಿಗೂ ಗೊತ್ತು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಈ ಮಾಗಡಿ ಇರುವುದು ಶಿರಹಟ್ಟಿ ತಾಲ್ಲೂಕಿನಲ್ಲಿ. ಜಿಲ್ಲೆಯ ಹೆಸರಿನ ಜೊತೆ ತಾಲ್ಲೂಕನ್ನೂ ಬರೆದಿಟ್ಟವರು ಇಲ್ಲಿ ಎರಡು ಅಂಕ ಉಳಿಸಿಕೊಳ್ಳುತ್ತಾರೆ.

ಪತ್ರಿಕೆಗೆ ದಿನಕ್ಕೆ 45 ನಿಮಿಷ ಸಾಕು, ಒಂದೇ ಪತ್ರಿಕೆ ಸಾಕು. ದಿನವೂ ಬರೆಯಬೇಡಿ, ಗುರುತು ಹಾಕಿಡಿ. ಹಾಳೆಗೆ ಇಳಿಸುವುದು ಭಾನುವಾರ. ಸೋಮವಾರದ ದೊಡ್ಡ ತಲೆಬರಹ ಶನಿವಾರದ ಹೊತ್ತಿಗೆ ಎಷ್ಟೋ ಸಲ ಉಳಿದಿರುವುದೇ ಇಲ್ಲ, ಅಷ್ಟು ಬರವಣಿಗೆ ತಪ್ಪಿತು. ಪ್ರಿಲಿಮ್ಸ್ (ಪೂರ್ವಭಾವಿ ಪರೀಕ್ಷೆ) ದಿನದಿಂದ ಹಿಂದಕ್ಕೆ 12 ತಿಂಗಳು ನೋಡಿ. ಹೊಸ ಕಾಯ್ದೆ, ಸಂವಿಧಾನ ತಿದ್ದುಪಡಿಗಳಿಗೆ ಮಾತ್ರ ಈ ಗಡಿ ಬೇಡ.

ಪ್ರಶ್ನೆ: ಮಹಿಳಾ ಮೀಸಲಾತಿ ಕೆಲವು ಕಡೆ 128ನೇ ತಿದ್ದುಪಡಿ, ಕೆಲವು ಕಡೆ 106ನೇ ತಿದ್ದುಪಡಿ ಎಂದಿದೆ. ಯಾವುದು ಸರಿ? (ಕಲಬುರಗಿಯಿಂದ)

ಉತ್ತರ: ಮಸೂದೆ 128ನೆಯದು, ಕಾಯ್ದೆ 106ನೆಯದು. ಮಸೂದೆಗೆ ಸಂಖ್ಯೆ ಬೀಳುವುದು ಅದು ಸಂಸತ್ತಿಗೆ ಬರುವಾಗ. ಕಾಯ್ದೆಗೆ ಸಂಖ್ಯೆ ಸಿಗುವುದು ಎರಡೂ ಸದನ ದಾಟಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ. ನಡುವೆ ಬಿದ್ದುಹೋದ ಮಸೂದೆಗಳಿಂದಾಗಿ ಅಂತರ ಬೆಳೆಯುತ್ತ ಹೋಗುತ್ತದೆ.

ಜಿಎಸ್‌ಟಿ ಮಸೂದೆ 122, ಕಾಯ್ದೆ 101. ಆರ್ಥಿಕವಾಗಿ ಹಿಂದುಳಿದವರ ಶೇ 10 ಮೀಸಲಾತಿ ಮಸೂದೆ 124, ಕಾಯ್ದೆ 103. ಎರಡರಲ್ಲೂ ಅಂತರ 21. ಹಿಂದುಳಿದ ವರ್ಗಗಳ ಪಟ್ಟಿ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಮರಳಿಸಿದ ಮಸೂದೆ 127, ಕಾಯ್ದೆ 105. ಇಲ್ಲಿ ಅಂತರ 22. ಮಹಿಳಾ ಮೀಸಲಾತಿಯದೂ 22. ನಡುವೆ ಒಂದು ಹೆಚ್ಚಿದ್ದು ಏಕೆಂದರೆ, ಸಂವಿಧಾನದ ಆರನೇ ಅನುಸೂಚಿಯ (ಈಶಾನ್ಯದ ಬುಡಕಟ್ಟು ಪ್ರದೇಶಗಳ) ಸ್ವಾಯತ್ತ ಮಂಡಳಿಗಳ ಕುರಿತ 125ನೇ ಮಸೂದೆ 2019ರಲ್ಲಿ ರಾಜ್ಯಸಭೆಗೆ ಬಂದು ಅಲ್ಲೇ ನಿಂತಿತು. ಇಷ್ಟು ತಿಳಿದರೆ ಒಂದು ಸಂಖ್ಯೆ ನೆನಪಿದ್ದರೂ ಇನ್ನೊಂದು ಕೂಡಿ ಕಳೆದು ಸಿಗುತ್ತದೆ. ಏಕಕಾಲದ ಚುನಾವಣೆಗಾಗಿ 2024ರ ಡಿಸೆಂಬರ್ 17ರಂದು ಮಂಡಿಸಿದ 129ನೆಯದು ಮಸೂದೆಯ ಸಂಖ್ಯೆ ಎಂಬುದನ್ನೂ ಮರೆಯಬೇಡಿ.

106ನೇ ತಿದ್ದುಪಡಿಯಲ್ಲಿ ಜನ ಜಾರುವುದು ಮತ್ತೊಂದು ಕಡೆ. ಮೀಸಲಾತಿ ಲೋಕಸಭೆ, ರಾಜ್ಯಗಳ ವಿಧಾನಸಭೆ ಮತ್ತು ದೆಹಲಿ ವಿಧಾನಸಭೆಗೆ. ರಾಜ್ಯಸಭೆಗೂ ವಿಧಾನ ಪರಿಷತ್ತಿಗೂ ಇಲ್ಲ. ಹೇಳಿಕೆ ರೂಪದ ಪ್ರಶ್ನೆಯಲ್ಲಿ ‘ಸಂಸತ್ತಿನ ಎರಡೂ ಸದನಗಳಲ್ಲಿ’ ಎಂಬ ಮಾತು ಕಂಡರೆ ಅಲ್ಲೇ ಬ್ರೇಕ್ ಹಾಕಿ.

ಪ್ರಶ್ನೆ: ಬಜೆಟ್ ಅಂಕಿಅಂಶ ಎಷ್ಟು ಉರು ಹೊಡೆಯಬೇಕು? ಒಂದೇ ವರ್ಷದ ವಿತ್ತೀಯ ಕೊರತೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. (ಹಾಸನದಿಂದ)

ಉತ್ತರ: ನೀವು ನೋಡಿದ ಪುಸ್ತಕಗಳೆಲ್ಲವೂ ಸರಿಯಿರಬಹುದು. ವಿತ್ತೀಯ ಕೊರತೆ ಎಂದರೆ ಸಾಲ ಬಿಟ್ಟು ಸರ್ಕಾರಕ್ಕೆ ಬರುವ ಹಣಕ್ಕಿಂತ ಅದರ ವೆಚ್ಚ ಎಷ್ಟು ಹೆಚ್ಚು ಎಂಬ ಲೆಕ್ಕ. 2024–25ನ್ನೇ ತೆಗೆದುಕೊಳ್ಳಿ. 2024ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ ವಿತ್ತೀಯ ಕೊರತೆ ಜಿಡಿಪಿಯ ಶೇ 5.1. ಚುನಾವಣೆಯ ನಂತರ ಜುಲೈನಲ್ಲಿ ಬಂದ ಪೂರ್ಣ ಬಜೆಟ್‌ನಲ್ಲಿ ಶೇ 4.9. ನಡುವೆ ರಿಸರ್ವ್ ಬ್ಯಾಂಕ್ ಸುಮಾರು 2.11 ಲಕ್ಷ ಕೋಟಿ ರೂಪಾಯಿ ಹೆಚ್ಚುವರಿಯನ್ನು ಕೇಂದ್ರಕ್ಕೆ ವರ್ಗಾಯಿಸಿತ್ತು, ಕೊರತೆ ಇಳಿಯಲು ಅದೂ ನೆರವಾಯಿತು. 2025ರ ಫೆಬ್ರವರಿಯಲ್ಲಿ ಪರಿಷ್ಕೃತ ಅಂದಾಜು ಶೇ 4.8. ವರ್ಷ ಒಂದು, ಅಂಕಿ ಮೂರು. ಆದ್ದರಿಂದ ಅಂಕಿಯ ಪಕ್ಕದಲ್ಲಿ ‘ಬಜೆಟ್ ಅಂದಾಜು’, ‘ಪರಿಷ್ಕೃತ ಅಂದಾಜು’, ‘ವಾಸ್ತವಿಕ’ ಇವುಗಳಲ್ಲಿ ಯಾವುದೆಂದು ಬರೆಯದಿದ್ದರೆ ಆ ಅಂಕಿ ಇದ್ದೂ ಇಲ್ಲದಂತೆ.

ಉರು ಹೊಡೆಯಬೇಕಾದದ್ದು ಕಡಿಮೆ: ವಿತ್ತೀಯ ಕೊರತೆ, ಒಟ್ಟು ವೆಚ್ಚ, ಬಂಡವಾಳ ವೆಚ್ಚ, ರೂಪಾಯಿ ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಎಂಬ ಚಿತ್ರದ ಮೊದಲ ಮೂರು ಪಾಲು. ಇಲಾಖಾವಾರು ಹಂಚಿಕೆಯನ್ನು ಮೇಲಿನ ಐದಕ್ಕೆ ನಿಲ್ಲಿಸಿ, ಅದೂ ಅನುಕ್ರಮ ಸಾಕು.

ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಡಬೇಕು. ವಿತ್ತೀಯ ಕೊರತೆ ಎಂದರೆ ಫಿಸ್ಕಲ್ ಡೆಫಿಸಿಟ್, ರಾಜಸ್ವ ಕೊರತೆ ಎಂದರೆ ರೆವಿನ್ಯೂ ಡೆಫಿಸಿಟ್, ಸುಗ್ರೀವಾಜ್ಞೆ ಎಂದರೆ ಆರ್ಡಿನೆನ್ಸ್. ಭಾಷಾಂತರ ಕೆಟ್ಟರೆ ಏನಾಗುತ್ತದೆ ಎಂಬುದು ಹೊಸ ಮಾತಲ್ಲ: 2024ರ ಆಗಸ್ಟ್ 27ರ ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪ್ರಿಲಿಮ್ಸ್ ಅದೇ ತಕರಾರಿನಿಂದ ಡಿಸೆಂಬರ್ 29ರಂದು ಮತ್ತೆ ನಡೆಯಿತು. ಕನ್ನಡ ವಾಕ್ಯ ಎಡವಿದಂತೆ ಕಂಡರೆ ಪಕ್ಕದ ಇಂಗ್ಲಿಷ್ ವಾಕ್ಯವನ್ನೂ ಓದಿ, ಹತ್ತು ಸೆಕೆಂಡ್ ಹೋದರೆ ಹೋಗಲಿ.

ಪ್ರಶ್ನೆ: ರಾಷ್ಟ್ರೀಯ ಸುದ್ದಿ ಓದುತ್ತೇನೆ, ರಾಜ್ಯದ್ದು ಹೇಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಕೆಎಎಸ್ ಎರಡನೇ ಪತ್ರಿಕೆಯಲ್ಲಿ ಅದೇ ಕೈಕೊಟ್ಟಿತು. (ಚಿಕ್ಕಮಗಳೂರಿನಿಂದ)

ಉತ್ತರ: ಎರಡನೇ ಪತ್ರಿಕೆಯ 100 ಪ್ರಶ್ನೆಗಳಲ್ಲಿ 40 ರಾಜ್ಯಕ್ಕೆ ಸಂಬಂಧಿಸಿದವು, ಅಂದರೆ 80 ಅಂಕ. ದಿನವೂ ಕಿವಿಗೆ ಬೀಳುವುದರಿಂದಲೇ ರಾಜ್ಯದ ಸುದ್ದಿ ಅರೆಬರೆ ಗೊತ್ತಿರುತ್ತದೆ. ಯುವನಿಧಿ ಎಲ್ಲರಿಗೂ ಗೊತ್ತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ, ಚಾಲನೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಎಂದರೆ ತಡವರಿಸುತ್ತೇವೆ. ಗೃಹಲಕ್ಷ್ಮಿಯ ಚಾಲನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ. ಯೋಜನೆಯ ಹಾಳೆಯಲ್ಲಿ ಯಾರಿಗೆ, ಎಷ್ಟು, ಎಷ್ಟು ಕಾಲ, ಯಾರಿಗೆ ಇಲ್ಲ, ಎಲ್ಲಿ ಶುರು ಎಂಬ ಐದು ಸಾಲು ಇರಲೇಬೇಕು.

ಹೆಸರು ಬದಲಾವಣೆಗೆ ಬೇರೆಯೇ ಒಂದು ಹಾಳೆ ಇಡಿ. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು, ಜಿಲ್ಲೆಗಳ ಸಂಖ್ಯೆ ಮಾತ್ರ 31ರಲ್ಲೇ ಉಳಿಯಿತು. ಅದೇ ವರ್ಷ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ಅವುಗಳಲ್ಲೂ ಒಂದರ ಹೆಸರು ಬೆಂಗಳೂರು ದಕ್ಷಿಣ. ಲೋಕಸಭಾ ಕ್ಷೇತ್ರವೊಂದಕ್ಕೆ ಆ ಹೆಸರು ಮೊದಲಿನಿಂದಲೂ ಇದೆ. ಮೂರರ ಗಡಿಯೂ ಬೇರೆ ಬೇರೆ. ಇಂಥದ್ದನ್ನು ಪ್ರಶ್ನೆ ತೆಗೆಯುವವರು ಸುಮ್ಮನೆ ಬಿಡುತ್ತಾರೆಯೇ?

ಪ್ರಶಸ್ತಿಗಳಲ್ಲೂ ಹೀಗೆಯೇ. ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ 20ರಂದು ಬಂದದ್ದು ಇಂಟರ್‌ನ್ಯಾಷನಲ್ ಬೂಕರ್, ಬೂಕರ್ ಅಲ್ಲ. ಮೊದಲನೆಯದು ಇಂಗ್ಲಿಷ್‌ಗೆ ಅನುವಾದವಾದ ಕೃತಿಗೆ, ಎರಡನೆಯದು ಇಂಗ್ಲಿಷ್‌ನಲ್ಲೇ ಬರೆದ ಕಾದಂಬರಿಗೆ. 50,000 ಪೌಂಡ್ ಬಹುಮಾನ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ಕಥಾಸಂಕಲನವೊಂದಕ್ಕೆ ಈ ಪ್ರಶಸ್ತಿ ಬಂದದ್ದು ಇದೇ ಮೊದಲು.

ಪ್ರಶ್ನೆ: ಟೆಲಿಗ್ರಾಂನಲ್ಲಿ ಬರುವ ಮಾಸಿಕ ಪಿಡಿಎಫ್ ಸಾಕಲ್ಲವೇ? (ವಿಜಯಪುರದಿಂದ)

ಉತ್ತರ: ರಿವಿಷನ್‌ಗೆ ಸಾಕು, ಮೊದಲ ಓದಿಗೆ ಸಾಲದು. ಸಂಪುಟ ಒಪ್ಪಿದ ದಿನ, ಚಾಲನೆ ಕೊಟ್ಟ ದಿನ, ಜಾರಿಗೆ ಬಂದ ದಿನ ಮೂರನ್ನೂ ಅವು ಕಲಸಿಬಿಡುತ್ತವೆ. ಭಾರತೀಯ ನ್ಯಾಯ ಸಂಹಿತೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2023ರ ಡಿಸೆಂಬರ್‌ನಲ್ಲಿ, ಜಾರಿಯಾದದ್ದು 2024ರ ಜುಲೈ 1ರಂದು. ಹಳೆಯ ಪಿಡಿಎಫ್‌ಗಳ ಕಾಟ ಬೇರೆ. ಶಾಸ್ತ್ರೀಯ ಭಾಷೆಗಳು ಆರು ಎಂದು ಇನ್ನೂ ಓಡಾಡುತ್ತಿವೆ. 2024ರ ಅಕ್ಟೋಬರ್ 3ರಂದು ಮರಾಠಿ, ಬಂಗಾಳಿ, ಅಸ್ಸಾಮಿ, ಪಾಲಿ, ಪ್ರಾಕೃತ ಸೇರಿ ಹನ್ನೊಂದಾದವು. ಅನುಮಾನ ಬಂದದ್ದನ್ನು ಪಿಐಬಿ (ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ) ಜಾಲತಾಣದಲ್ಲಿ ನೋಡಿ, ಕನ್ನಡದಲ್ಲೂ ಪ್ರಕಟಣೆಗಳು ಸಿಗುತ್ತವೆ.

ಪ್ರಶ್ನೆ: ಗೊತ್ತಿಲ್ಲದ ಪ್ರಚಲಿತ ಪ್ರಶ್ನೆಗೆ ಊಹೆ ಮಾಡಿ ಉತ್ತರಿಸಬಹುದೇ? (ಮಂಡ್ಯದಿಂದ)

ಉತ್ತರ: ಲೆಕ್ಕ ಹಾಕಿ. ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಪ್ರಶ್ನೆಗೆ 2 ಅಂಕ, ತಪ್ಪಾದರೆ ಕಾಲು ಭಾಗ, ಅಂದರೆ ಅರ್ಧ ಅಂಕ ಖೋತಾ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಖಚಿತವಾಗಿ ತಳ್ಳಿಹಾಕಿದ್ದೀರಿ ಎನ್ನಿ. ಅಂಥ ಮೂರು ಪ್ರಶ್ನೆಗಳಲ್ಲಿ ಸರಾಸರಿ ಒಂದು ಸರಿ, ಎರಡು ತಪ್ಪು: 2ರಲ್ಲಿ 1 ಕಳೆದು ನಿವ್ವಳ 1 ಅಂಕ. ಯುಪಿಎಸ್‌ಸಿಯ (ಕೇಂದ್ರ ಲೋಕಸೇವಾ ಆಯೋಗದ) ಪ್ರಿಲಿಮ್ಸ್‌ನಲ್ಲಿ ಮೂರನೇ ಒಂದು ಭಾಗ ಕಳೆಯುವುದರಿಂದ ಇದೇ ಊಹೆಗೆ ಸಿಗುವುದು 0.67 ಮಾತ್ರ. ಒಂದನ್ನೂ ತಳ್ಳಿಹಾಕಲಾಗದಿದ್ದರೆ ಅಲ್ಲಿ ಸರಾಸರಿ ಲಾಭ ಸೊನ್ನೆ. ಪ್ರಚಲಿತ ಪ್ರಶ್ನೆಗಳಲ್ಲಿ ತಳ್ಳಿಹಾಕಲು ಸುಲಭ ಸಿಗುವುದು ‘ಮಾತ್ರ’, ‘ಎಲ್ಲ’, ‘ಕಡ್ಡಾಯ’ ಎಂಬ ಪದಗಳಿರುವ ಹೇಳಿಕೆಗಳು, ಆದರೆ ಸಂವಿಧಾನದ ವಿಧಿಯನ್ನೇ ಉಲ್ಲೇಖಿಸಿದ ಕಡೆ ಈ ಉಪಾಯ ನಡೆಯದು. ಋಣಾತ್ಮಕ ಅಂಕದ ನಿಯಮ ಪ್ರತಿ ನೇಮಕಾತಿಗೂ ಬೇರೆ ಇರಬಹುದು, ಅಧಿಸೂಚನೆಯನ್ನೂ ಒಎಂಆರ್ (ಉತ್ತರ ಗುರುತಿಸುವ) ಹಾಳೆಯ ಮೇಲಿನ ಸೂಚನೆಯನ್ನೂ ಓದಿಯೇ ಪೆನ್ನು ಎತ್ತಿ.